ಅಮ್ಮನ ಪಾತ್ರಕ್ಕೆ ಬಂದವಳು

"ಅಲ್ಲೇ ನಿಲ್ಲಿ."

ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟವಳು ಬೆಚ್ಚಿ ನಿಂತಳು. ಎದುರಿಗೆ ನಾಟಕದ ತಾಲೀಮು ನಡೆಯುತ್ತಿದ್ದ ಉದ್ದನೆಯ ಹಾಲ್. ನೆಲದ ತುಂಬ ಸೀಮೆಸುಣ್ಣದ ಗೆರೆಗಳು. ಗೆರೆಗಳ ನಡುವೆ ನಿಂತಿದ್ದ ಜನರೆಲ್ಲ ಅವಳನ್ನೇ ನೋಡುತ್ತಿದ್ದರು. ಅವರಲ್ಲಿ ಅವಳ ತಂಗಿಯೂ ಇದ್ದಳು.

"ಒಂದು ಸಲ ಹೊರಗೆ ಹೋಗಿ, ಈಗ ಬಂದ ಹಾಗೇ ಮತ್ತೆ ಬನ್ನಿ," ಎಂದ ಮೂಲೆಯ ಮೇಜಿನ ಮುಂದೆ ಕುಳಿತಿದ್ದವನು.

"ಯಾಕೆ?"

"ಇಷ್ಟು ಸುಸ್ತಾಗಿ ನಡೆಯೋದು ನಮ್ಮಲ್ಲಿ ಯಾರಿಗೂ ಬರ್ತಿಲ್ಲ."

ಬೆಳಗಿನಿಂದ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಡ್ಯೂಟಿ ಮಾಡುತ್ತ ನಿಂತು ನಿಂತು ಅವಳ ಪಾದಗಳು ಊದಿಕೊಂಡಿದ್ದವು. ತಂಗಿಯನ್ನು ಕರೆದುಕೊಂಡು ಹೋಗಿ, ಒಂದಿಷ್ಟು ಬೇಯಿಸಿ, ಬಟ್ಟೆ ಮಡಿಸಿಟ್ಟು ಮಲಗಿದರೆ ಸಾಕಾಗಿತ್ತು.

"ನನ್ನ ಸುಸ್ತು ನಿಮಗೆ ತಮಾಷೆಯಾಗಿ ಕಾಣ್ತಿದೆಯಾ?"

ದನಿ ಏರಲಿಲ್ಲ. ಏರಿಸುವುದಕ್ಕೂ ಶಕ್ತಿ ಬೇಕಲ್ಲ...

ಅವನು ತಟ್ಟನೆ ಎದ್ದು ನಿಂತ. "ಕ್ಷಮಿಸಿ. ತಮಾಷೆ ಅಲ್ಲ." ಅವನ ಕಣ್ಣ ಕೆಳಗೂ ಕಪ್ಪುಗಟ್ಟಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ದಾರಿಯುದ್ದಕ್ಕೂ ತಂಗಿ ಸುಮ್ಮನಿರಲಿಲ್ಲ.

"ಅವರು ಶಾಲೇಲಿ ಲೆಕ್ಕದ ಮೇಷ್ಟ್ರು ಅಕ್ಕ. ನಾಟಕ ಅವರೇ ಬರೆದಿದ್ದು. ನಾನು ಮಗಳ ಪಾತ್ರ. ಅಮ್ಮನ ಪಾತ್ರ ಮಾಡ್ತಿದ್ದವರಿಗೆ ಬೇರೆ ಊರಿಗೆ ವರ್ಗ ಆಯ್ತು. ಯಾರೂ ಸಿಗದಿದ್ರೆ ನಾಟಕ ನಿಂತುಹೋಗುತ್ತೆ."

"ಅದಕ್ಕೆ?"

"ಅದಕ್ಕೆ... ಹೇಗೂ ನನಗೋಸ್ಕರ ದಿನಾ ಮನೇಲಿ ಕಾಯ್ತಾ ಕೂರ್ತೀಯ. ಅದೇ ಕೂರೋದನ್ನ ಸ್ಟೇಜ್ ಮೇಲೆ ಕೂತ್ಕೋ."

ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಮಗು. ಅಂದಿನಿಂದ ಅವಳು ಕೇಳಿದ್ದಕ್ಕೆ ಅಕ್ಕ ಇಲ್ಲ ಎಂದದ್ದು ಕಡಿಮೆ. ಈ ಸಲವೂ ಹೇಳಲಾಗಲಿಲ್ಲ.

ನಾಟಕವೆಂದರೆ ಮಾತು ಬಾಯಿಪಾಠ ಮಾಡಿ ಒಪ್ಪಿಸುವುದು ಎಂದುಕೊಂಡಿದ್ದಳು ಅವಳು. ಆದರೆ ಮೊದಲ ಕೆಲವು ಸಂಜೆ ಅವಳನ್ನು ಯಾರೂ ಎದ್ದು ನಿಲ್ಲಲೂ ಬಿಡಲಿಲ್ಲ. ಹೊಸಬರು ಬಂದರೆ ಮೊದಲಿಂದ ಶುರು ಎಂದು ಎಲ್ಲರೂ ಸುತ್ತ ಕುಳಿತು ಓದಿದ್ದೇ ಓದಿದ್ದು.

"ಓದೋದೇ ಆದ್ರೆ ಮನೇಲೇ ಓದಬಹುದಿತ್ತು," ಎಂದಳು.

"ಮನೇಲಿ ನಿಮ್ಮ ಮಾತು ಓದ್ತೀರ. ಇಲ್ಲಿ ಎದುರಿನವರ ಮಾತು ಕೇಳಿಸ್ಕೊಳ್ತೀರ," ಎಂದ ಮೇಷ್ಟ್ರು. "ಮಗಳು ಹೇಳಿದ್ದು ಕಿವಿಗೆ ಬಿದ್ದ ಮೇಲೆ ಉತ್ತರ ಕೊಡಿ. ಅವಸರ ಇಲ್ಲ."

ಅವಸರ ಇಲ್ಲ... ಈ ಮಾತನ್ನು ತನಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತು!

ಆಮೇಲೆ ನಡೆಯುವ ಪಾಠ. ಸೀಮೆಸುಣ್ಣದ ಗೆರೆಯೇ ಗೋಡೆ, ಗೆರೆ ಬಿಟ್ಟ ಜಾಗವೇ ಬಾಗಿಲು. ಮೊದಲ ದಿನ ಅವಳು ಯೋಚನೆಯಲ್ಲಿ ಸೀದಾ ನಡೆದುಬಿಟ್ಟಳು.

"ಸಿಸ್ಟರ್, ಗೋಡೆ ಒಡ್ಕೊಂಡು ಹೊರಟ್ರಲ್ಲ," ಎಂದು ಏಣಿಯ ಮೇಲಿಂದ ಕೂಗಿದ ಲೈಟಿನವನು.

ಎಲ್ಲರ ಜೊತೆ ಅವಳೂ ನಕ್ಕಳು. ಅಕ್ಕ ನಕ್ಕಿದ್ದನ್ನು ತಂಗಿ ಕಣ್ಣರಳಿಸಿ ನೋಡಿದಳು.

"ನಾನು ನಿಮ್ಮನ್ನ ಏನಂತ ಕರೀಲಿ?" ಮೇಷ್ಟ್ರು ಕೇಳಿದ.

"ಎಲ್ಲರೂ ಸಿಸ್ಟರ್ ಅಂತಾರೆ. ನೀವೂ ಹಾಗೇ ಅನ್ನಿ."

"ನನಗೆ ಅದು ಬಾಯಿಗೆ ಬರಲ್ಲ," ಎಂದವನು, ಮಾತು ಜಾರಿದ್ದು ಗೊತ್ತಾಗಿ ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆಗಳ ಮೇಲೆ ಬಗ್ಗಿದ. ಶಾಲೆಯ ಕೆಲಸವನ್ನೂ ಅವನು ಅಲ್ಲಿಗೇ ಹೊತ್ತು ತರುತ್ತಿದ್ದ. ಎಷ್ಟೋ ಸಲ ಪೆನ್ನು ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದ.

ವಿಚಿತ್ರವೆಂದರೆ, ನಿಜವಾಗಿ ದಣಿದವಳಿಗೇ ದಣಿವನ್ನು ಆಡಿ ತೋರಿಸಲು ಬರುತ್ತಿರಲಿಲ್ಲ.

"ನಿಮ್ಮ ಸುಸ್ತು ನನಗೆ ಕಾಣುತ್ತೆ, ಹಿಂದಿನ ಸಾಲಿಗೆ ಕಾಣಲ್ಲ," ಎಂದ ಅವನು. "ಕೂರೋಕೆ ಮುಂಚೆ ಕುರ್ಚಿಯ ಬೆನ್ನು ಹಿಡ್ಕೊಂಡು ಒಂದು ಉಸಿರು ನಿಲ್ಲಿ. ಆಮೇಲೆ ಕೂರಿ. ಚಪ್ಪಲಿ ಬಿಚ್ಚಬೇಡಿ."

ಅವಳು ಹಾಗೇ ಮಾಡಿದಳು. ಏಣಿಯ ಮೇಲಿದ್ದ ಲೈಟಿನವನೂ ಕೆಲಸ ಬಿಟ್ಟು ನೋಡಿದ. ವಿರಾಮದಲ್ಲಿ ಅವನು ಒಂದು ಸಣ್ಣ ಸ್ಟೂಲ್ ತಂದು ಅವಳ ಕಾಲ ಬಳಿ ಇಟ್ಟು ಹೊರಟುಹೋದ. ಊದಿದ ಪಾದಗಳನ್ನು ಅದರ ಮೇಲಿಟ್ಟಾಗ ಅವಳ ಕಣ್ಣು ಯಾಕೋ ಮಂಜಾಯಿತು.

'ಬೇಡ. ಈ ವಯಸ್ಸಿನಲ್ಲಿ ಇದೆಲ್ಲ ಬೇಡ,' ಎಂದುಕೊಂಡಳು. ಆದರೂ ಮರುದಿನ ಸಂಜೆಯಾಗುವುದನ್ನೇ ಕಾದಳು.

ಪ್ರದರ್ಶನ ಹತ್ತಿರ ಬಂದಾಗ ತಾಲೀಮು ರಂಗಮಂದಿರಕ್ಕೆ ಹೋಯಿತು. ಗೆರೆಗಳಿದ್ದ ಕಡೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಗೋಡೆಗಳು ಬಂದವು. ಬೆಳಕು ಮುಖದ ಮೇಲೆ ಸರಿಯಾಗಿ ಬೀಳುವವರೆಗೆ ಒಂದೇ ಜಾಗದಲ್ಲಿ ಅಲುಗದೆ ನಿಲ್ಲುವುದನ್ನು ಕಲಿತಳು.

ಅವಳಿಗೆ ತುಂಬ ಇಷ್ಟವಾದ ದೃಶ್ಯವೊಂದಿತ್ತು. ಕೆಲಸದಿಂದ ಬಂದ ಅಮ್ಮ ಮಗಳ ತಲೆ ಬಾಚುತ್ತ ಬಾಚುತ್ತ, ಬಾಚಣಿಗೆ ಕೂದಲಲ್ಲಿರುವಾಗಲೇ ಕುಳಿತಲ್ಲಿ ನಿದ್ದೆ ಹೋಗುತ್ತಾಳೆ. ಒಂದು ದಿನ ಅದನ್ನು ಮುಗಿಸಿ ಪರದೆಯ ಪಕ್ಕಕ್ಕೆ ಸರಿದಾಗ, ಮೇಷ್ಟ್ರು ಲೈಟಿನವನಿಗೆ ಹೇಳುತ್ತಿದ್ದ ಮಾತು ಕೇಳಿಸಿತು.

"ಆ ದೃಶ್ಯ ತೆಗೆದುಬಿಡೋಣ. ಕೈಲಾಗ್ತಿಲ್ಲ."

ಅವಳು ಪರದೆಯ ಹಿಂದಕ್ಕೆ ಸರಿದು ನಿಂತಳು.

ತನ್ನ ಕೈಲಿ ಆಗುತ್ತಿಲ್ಲ... ಮುಖದ ಮೇಲೆ ಹೇಳಲಾಗದೆ ಹಿಂದಿನಿಂದ ಹೇಳುತ್ತಿದ್ದಾನೆ. ಸ್ಟೂಲ್ ತಂದಿಟ್ಟದ್ದೂ ಬರೀ ಕನಿಕರವೇ ಇರಬೇಕು.

ಪಾತ್ರದ ಬಟ್ಟೆ ಮಡಿಸಿ ಕುರ್ಚಿಯ ಮೇಲಿಟ್ಟು ಮನೆಗೆ ನಡೆದಳು. "ಇನ್ನು ನಾನು ಬರಲ್ಲ. ಕಾರಣ ಕೇಳಬೇಡ," ಎಂದಳು ತಂಗಿಗೆ. ತಂಗಿ ಅತ್ತಳು. ಅಕ್ಕನ ಮನಸ್ಸು ಮಾತ್ರ ಕರಗಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ಆಯಾ ನಗುತ್ತ ಬಂದಳು.

"ಸಿಸ್ಟರ್, ಹೊರಗೆ ಬೆಂಚಿನ ಮೇಲೆ ಯಾರೋ ಕೂತಲ್ಲೇ ನಿದ್ದೆ ಹೋಗಿದ್ದಾರೆ. ಕಾಯಿಲೆ ಏನು ಅಂದ್ರೆ ನಿಮ್ಮ ಹತ್ರಾನೇ ಹೇಳ್ತೀನಿ ಅಂದ್ರಂತೆ."

ಕೈಚೀಲವನ್ನು ತಬ್ಬಿಕೊಂಡು, ಗೋಡೆಗೆ ತಲೆಯಾನಿಸಿ ಮಲಗಿದ್ದ ಮೇಷ್ಟ್ರು. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕುಳಿತಳು. ಬೆಂಚು ಕಿರುಗುಟ್ಟಿ ಅವನಿಗೇ ಎಚ್ಚರವಾಯಿತು.

"ಯಾಕೆ ಬಿಟ್ಟು ಬಂದ್ರಿ?"

"ಕೈಲಾಗದವಳನ್ನ ಇಟ್ಕೊಂಡು ನೀವೇನು ಮಾಡ್ತೀರ? ನಾನೇ ಕೇಳಿಸ್ಕೊಂಡೆ."

ಅವನು ಕಣ್ಣುಜ್ಜಿಕೊಂಡು ನೆಟ್ಟಗೆ ಕುಳಿತ.

"ಅಯ್ಯೋ... ನಿಮ್ಮ ಕೈಲಿ ಅಲ್ಲ. ನನ್ನ ಕೈಲಿ. ನೋಡೋಕೆ ನನ್ನ ಕೈಲಾಗ್ತಿಲ್ಲ."

ಅವಳು ಅವನತ್ತ ತಿರುಗಿದಳು.

"ನಮ್ಮಮ್ಮ ಕೆಲಸದಿಂದ ಬಂದು ಹಾಗೇ ಕೂರೋಳು, ಚಪ್ಪಲಿನೂ ಬಿಚ್ಚದೆ. ನನ್ನ ಮೇಲೆ ಕೋಪ ಅಂದ್ಕೊಂಡು ನಾನು ಹತ್ತಿರ ಹೋಗ್ತಿರಲಿಲ್ಲ. ಸುಸ್ತು ಅಂತ ಗೊತ್ತಾಗೋ ಹೊತ್ತಿಗೆ ಹಾಸಿಗೆ ಹಿಡಿದಿದ್ಲು. ಕಡೆಗಾಲದಲ್ಲಿ ನಾನೇ ನೋಡ್ಕೊಂಡೆ. ಹೋದ ವರ್ಷ ಹೋಗಿಬಿಟ್ಲು." ಅವನು ಕೈಚೀಲದ ಹಿಡಿಯನ್ನು ತಿರುಚಿದ. "ಮೊದಲ ದಿನ ನೀವು ಬಾಗಿಲು ತಳ್ಕೊಂಡು ಬಂದಾಗ ಅಮ್ಮನೇ ಬಂದ ಹಾಗಾಯ್ತು. ಆದ್ರೆ ಈಗ ನಿಮ್ಮಲ್ಲಿ ಅಮ್ಮ ಕಾಣಲ್ಲ. ನೀವೇ ಕಾಣ್ತೀರ. ನೀವು ಹಾಗೆ ದಣಿದು ಕೂರೋದನ್ನ ನೋಡೋಕಾಗಲ್ಲ."

"ಮತ್ತೆ... ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನಿಮಗೆ ಈಗಲೇ ಎರಡಾಳಿನ ಕೆಲಸ. ನನ್ನ ಮನೆಗೆ ಬನ್ನಿ ಅನ್ನೋದು ಇನ್ನೊಂದು ಹೊರೆ ಹೊತ್ಕೊಳ್ಳಿ ಅಂದ ಹಾಗೆ ಅನ್ನಿಸ್ತು."

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಅವಳು ಎದ್ದಳು.

"ದೃಶ್ಯ ತೆಗೀಬೇಡಿ. ನೋಡೋಕಾಗದಿದ್ರೆ ಕಣ್ಣು ಮುಚ್ಕೊಳ್ಳಿ. ನಾನು ಬರ್ತೀನಿ."

ಭಾನುವಾರ ಮಧ್ಯಾಹ್ನ ನಾಟಕ ನಡೆಯಿತು. ತಂಗಿಯ ಕೂದಲಲ್ಲಿ ಬಾಚಣಿಗೆ ನಿಂತಾಗ ಸಭೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಪರದೆಯ ಪಕ್ಕದಲ್ಲಿ ನಿಂತ ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಕೆನ್ನೆ ಒದ್ದೆಯಾದರೂ ಕೊನೆಯವರೆಗೆ ನೋಡಿದ.

ಜನ ಹೋದ ಮೇಲೆ ಉಳಿದದ್ದು ಅವಳಿಗೆ ಇನ್ನೂ ಯಾರೂ ಕಲಿಸದ ಪಾಠ, ಕಟ್ಟಿದ್ದನ್ನೆಲ್ಲ ಬಿಚ್ಚುವುದು. ಮೊಳೆ ಕಿತ್ತರು, ಬಟ್ಟೆ ಸುತ್ತಿದರು, ಕುರ್ಚಿ ಸಾಗಿಸಿದರು. ತಂಗಿ ಸಾಮಾನಿನ ಗಾಡಿಯ ಹಿಂದೆ ಬೇಕೆಂದೇ ಹೊರಟುಹೋದಳು. ಬರಿದಾದ ರಂಗದ ಅಂಚಿನಲ್ಲಿ ಅವರಿಬ್ಬರೇ ಕಾಲು ಇಳಿಬಿಟ್ಟು ಕುಳಿತರು.

"ನಿಮಗೊಂದು ವಿಷಯ ಮೊದಲೇ ಹೇಳಿಬಿಡ್ತೀನಿ," ಎಂದಳು ಅವಳು. "ಡ್ಯೂಟಿಯಿಂದ ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ನನಗೆ ಯಾರ ಜೊತೆಯೂ ಮಾತಾಡೋಕಾಗಲ್ಲ."

ಅವಳು 'ಮನೆ' ಎಂದದ್ದು ಯಾವ ಮನೆ ಎಂದು ಹೊಳೆದಾಗ ಅವನು ಅವಳ ಕಡೆ ತಿರುಗಿದ.

"ನನಗೂ ಅಷ್ಟೇ. ಮಕ್ಕಳ ಹತ್ರ ಕೂಗಿ ಕೂಗಿ ಗಂಟಲು ಬಿದ್ದುಹೋಗಿರುತ್ತೆ."

"ಹಾಗಾದ್ರೆ ಅಡುಗೆ?"

"ಅಮ್ಮನಿಗೆ ಮಾಡಿ ಮಾಡಿ ಕಲ್ತಿದ್ದೀನಿ. ರುಚಿ ಕೇಳಬೇಡಿ."

"ಕೇಳಲ್ಲ." ಅವಳು ನಿಧಾನವಾಗಿ ಅವನ ಭುಜಕ್ಕೆ ತಲೆಯಿಟ್ಟಳು. "ಸ್ವಲ್ಪ ಹೊತ್ತು ಹೀಗೇ ಇರ್ಲಾ?"

"ಇರಿ."

"ನಿದ್ದೆ ಬಂದ್ರೆ?"

"ಬರ್ಲಿ. ನಾನು ಇಲ್ಲೇ ಇರ್ತೀನಿ."