ಒಂದು ಪೀಂ ಜಾಸ್ತಿ

“ಉಸಿರೆತ್ತಬೇಡ, ನೋಡು!” ಎಂದಳು ಅಮ್ಮ.

ರೇಡಿಯೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸದಾ ವಟಗುಟ್ಟುವ ಮಗಳಿಗೆ ಅಮ್ಮನೇ ಇಟ್ಟ ಹೆಸರು ಅದು. ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಅದರ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ಪುಟ್ಟ ಹೊಸ ಮೋಡೆಮ್, ಫೋನ್ ಲೈನಿನಲ್ಲೇ ದೂರದ ಕಂಪ್ಯೂಟರಿಗೆ ಜೋಡಿಸುವ ಯಂತ್ರ. ಫೋನಿನ ವೈರನ್ನು ಈಗ ಅದರ ಬೆನ್ನಿಗೆ ಸಿಕ್ಕಿಸಿದ್ದರು.

ಅಮ್ಮ ‘ಕನೆಕ್ಟ್’ ಒತ್ತಿದಳು. ಪೀಂ ಪೀಂ ಪೀಂ... ಮೋಡೆಮ್ ತಾನೇ ನಂಬರ್ ಒತ್ತಿತು. ಆಮೇಲೆ ಗಪ್‌ಚುಪ್. ಪರದೆಯ ಮೇಲೆ ‘ಉತ್ತರ ಬರುತ್ತಿಲ್ಲ’ ಎಂಬ ಸಾಲು ಬಂತು.

“ಥೂ, ಮೂರನೇ ಸಲ!” ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು.

ಅಮ್ಮನ ನಕ್ಷೆ ಕಚೇರಿ ಊರಿನ ಆಚೆ ತುದಿಯಲ್ಲಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕು. ಎಲ್ಲರ ಕೆಲಸವನ್ನೂ ಇಟ್ಟುಕೊಳ್ಳುವ ದೊಡ್ಡ ಕಂಪ್ಯೂಟರ್, ಅದೇ ಸರ್ವರ್, ಅಲ್ಲೇ ಇತ್ತು. ಇವತ್ತು ಐದು ಗಂಟೆಯೊಳಗೆ ಮನೆಯಿಂದ ಒಂದೇ ಒಂದು ನಕ್ಷೆ ಅದಕ್ಕೆ ಹೋಗಿ ಸೇರಿದರೆ, ನಾಳೆಯಿಂದ ಮಧ್ಯಾಹ್ನದ ಮೇಲೆ ಮನೆಯಲ್ಲೇ ಕೆಲಸ ಮಾಡಿ ಎಂದಿದ್ದರು ಸಾಹೇಬರು. ಸೇರದಿದ್ದರೆ ಆ ಮಾತೇ ಇಲ್ಲ. ಅದಕ್ಕೇ ಅಮ್ಮ ಅರ್ಧ ದಿನ ರಜೆ ಹಾಕಿದ್ದಳು.

ರೇಡಿಯೊ ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ ತೂಗುತ್ತಿತ್ತು. ಎರಡು ವರ್ಷದಿಂದ ಸ್ಕೂಲಿನಿಂದ ಬಂದು ತಾನೇ ಬಾಗಿಲು ತೆಗೆಯುತ್ತಿದ್ದಳು. ಒಂದು ದಿನವಾದರೂ ಬೆಲ್ ಒತ್ತಬೇಕು, ಒಳಗಿನಿಂದ ಅಮ್ಮ “ಬಂದೇ” ಅನ್ನಬೇಕು ಎಂದು ಅವಳಿಗೆ ಎಷ್ಟು ಆಸೆ!

ಗಂಟೆ ನಾಲ್ಕು ನಲವತ್ತಾಯಿತು. ಅಮ್ಮ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಪಾಸ್‌ವರ್ಡ್ ಮತ್ತೆ ಟೈಪ್ ಮಾಡಿದಳು. ಮತ್ತೆ ಪೀಂ ಪೀಂ, ಮತ್ತೆ ಗಪ್‌ಚುಪ್.

“ಅಮ್ಮಾ, ಒಂದು ಪೀಂ ಜಾಸ್ತಿ ಆಯ್ತು!”

“ಏನು ಹಾಗಂದ್ರೆ?”

“ಆಫೀಸಿನವರು ಕೊಟ್ಟ ಚೀಟೀಲಿ ಅಂಕಿ ಆರೇ ಇರೋದು. ಇದು ಏಳು ಸಲ ಕೂಗ್ತು. ನಾನು ಬೆರಳು ಮಡಿಸಿ ಎಣಿಸ್ದೆ. ನಿಜವಾಗ್ಲೂ!”

ಅಮ್ಮ ಕಂಪ್ಯೂಟರಿನಲ್ಲಿ ತಾನು ನಂಬರ್ ಟೈಪ್ ಮಾಡಿದ್ದ ಜಾಗ ತೆರೆದು ನೋಡಿದಳು. ಎಲ್ಲಕ್ಕಿಂತ ಮುಂದೆ ಒಂದು ಸೊನ್ನೆ ಠೀವಿಯಿಂದ ಕೂತಿತ್ತು.

“ಅಯ್ಯೋ, ನನ್ನ ಬುದ್ಧಿಗಿಷ್ಟು!” ಅಮ್ಮ ಹಣೆ ಚಚ್ಚಿಕೊಂಡಳು. “ಆಫೀಸಿಂದ ಹೊರಗಡೆಗೆ ಫೋನ್ ಮಾಡೋಕೆ ಮೊದಲು ಸೊನ್ನೆ ಒತ್ತಬೇಕು ಕಣೇ. ಹತ್ತು ವರ್ಷ ಒತ್ತಿ ಒತ್ತಿ ಕೈಗೆ ಅದೇ ಅಭ್ಯಾಸ ಆಗಿಬಿಟ್ಟಿದೆ. ಮನೇಲಿ ಯಾಕೆ ಬೇಕಿತ್ತು ಅದು!”

ಸೊನ್ನೆ ಹೋಯಿತು. ಆರೇ ಆರು ಪೀಂ. ಆಮೇಲೆ ಕೀಂ... ಕರ್ರ್... ಶ್ಶ್ಶ್! ಡಬ್ಬಿಯೊಳಗೆ ಎರಡು ಬೆಕ್ಕು ಜಗಳಕ್ಕೆ ಬಿದ್ದ ಹಾಗೆ ಗಲಾಟೆ. ತಟ್ಟನೆ ಎಲ್ಲ ನಿಂತು, ಪರದೆಯಲ್ಲಿ ‘ಕನೆಕ್ಟ್ ಆಗಿದೆ’ ಎಂದು ಬಂತು.

ನಕ್ಷೆ ಇರುವೆ ನಡಿಗೆಯಲ್ಲಿ ಹೊರಟಿತು. ಹತ್ತು ಪರ್ಸೆಂಟ್. ನಲವತ್ತು. ತೊಂಬತ್ತರಲ್ಲಿ ಬಂದು ಕೂತೇಬಿಟ್ಟಿತು. ರೇಡಿಯೊ ಒಂಟಿ ಕಾಲಲ್ಲಿ ನಿಂತಿದ್ದಳು. ಐದಕ್ಕೆ ಮೂರು ನಿಮಿಷ ಇರುವಾಗ ನೂರು!

“ಹೋಯ್ತು! ಹೋಯ್ತು!” ಇಬ್ಬರೂ ಕುಣಿದ ರಭಸಕ್ಕೆ ಕುರ್ಚಿ ಉರುಳಿತು.

ಮರುದಿನ ಸ್ಕೂಲ್ ಬಿಟ್ಟದ್ದೇ ರೇಡಿಯೊ ಓಡಿ ಬಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಬೆಲ್ಲಿನ ಮೇಲೆ ಬೆರಳಿಟ್ಟಳು.

ಒಳಗಿನಿಂದ ಪೀಂ ಪೀಂ ಕೇಳಿಸಿತು.

ಅವಳು ಬೆರಳು ಹಿಂದಕ್ಕೆ ತೆಗೆದಳು. ಹೊಟ್ಟೆ ತುಂಬ ಮಾತಿತ್ತು. ಆದರೂ ಬಾಗಿಲಿಗೆ ಕಿವಿಯಿಟ್ಟು ಎಣಿಸಿದಳು. ಆರು. ಕೀಂ... ಕರ್ರ್... ಬೆಕ್ಕುಗಳ ಜಗಳ ಪೂರ್ತಿ ಮುಗಿಯುವ ತನಕ ಕಾದಳು.

ಆಮೇಲೆ ಬೆಲ್ ಒತ್ತಿದಳು.

“ಬಂದೇ!”