ದೊಡ್ಡಪ್ಪನ ಎರಡು ಉಯಿಲು

ನಾಗೇಶನ ಪಾಲಿಗೆ ಬಂದದ್ದು ಸ್ಕೂಟರು. ಅದೂ ಕಿಕ್ ಹೊಡೆದರೆ ಕೆಮ್ಮಿ ಸುಮ್ಮನಾಗುವ ಹಳೇ ಸ್ಕೂಟರು. ಹೊಟ್ಟೆ ಉರಿಸುವ ಸಂಗತಿಯೆಂದರೆ, ಅದನ್ನು ಉಯಿಲಿನಲ್ಲಿ ಬರೆದವನು ಅವನೇ.

ಭದ್ರಾವತಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ನಾಗೇಶನದು ಇಪ್ಪತ್ತೆರಡು ವರ್ಷದ ಪತ್ರ ಬರಹ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಯಾವುದೇ ಇರಲಿ, ಅವನು ಬರೆದುಕೊಟ್ಟದ್ದು ಒಮ್ಮೆಯೂ ತಿದ್ದುಪಡಿಗೆ ವಾಪಸು ಬಂದಿಲ್ಲ. ಈ ಜನವರಿಯ ಒಂದು ಬೆಳಿಗ್ಗೆ ದೊಡ್ಡಪ್ಪ ಚಂದ್ರಶೇಖರಪ್ಪ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು ಅವನ ಮೇಜಿನ ಮುಂದೆ ಕೂತರು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಜೋಡಿಸಿಟ್ಟ ಮನುಷ್ಯ; ತಮ್ಮ ಸಾವನ್ನೂ ಒಂದು ಫೈಲಿಗೆ ಹಾಕಿ, ದಾರ ಕಟ್ಟಿ ತಂದಿದ್ದರು.

"ಬರ್ತಾ ಬಸ್ಸಲ್ಲೇ ಗೊಟಕ್ ಅಂದಿದ್ರೆ ಏನ್ ಮಾಡ್ತಿದ್ರಿ ನೀವೆಲ್ಲ? ಅದಕ್ಕೇ ಎಲ್ಲಾ ಬರೆದಿಟ್ಟಿದೀನಿ ಮಾರಾಯ. ಉಯಿಲೊಂದು ಬಾಕಿ, ಬರಿ."

ಫೈಲಿನಲ್ಲಿ ನಿಜಕ್ಕೂ ಎಲ್ಲವೂ ಇತ್ತು: ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲು, ಮೊಬೈಲಿನ ಪಾಸ್‌ವರ್ಡು, ತಮ್ಮ ಫೋಟೊಗೆ ಪ್ಲಾಸ್ಟಿಕ್ ಹಾರ ಹಾಕಕೂಡದೆಂಬ ಸೂಚನೆ. ಅವರು ಹೇಳುತ್ತ ಹೋದರು, ನಾಗೇಶ ಟೈಪು ಮಾಡುತ್ತ ಹೋದ. ವಿದ್ಯಾನಗರದ ಮನೆ ಸೊಸೆ ಪುಷ್ಪಾಗೆ. ಮಗ ತೀರಿ ಹತ್ತು ವರ್ಷವಾದರೂ ಅವಳು ಮಾವನ ಜೊತೆಗೇ ಇದ್ದಳು. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿದು ಜೀವನ ಮಾಡುತ್ತಿದ್ದಳು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ. ಕಡೆಯಲ್ಲಿ, ಸ್ಕೂಟರು ನಾಗೇಶನಿಗೆ. "ನೀನು ಓಡಾಡೋನು, ಉಪಯೋಗಕ್ಕೆ ಬರುತ್ತೆ" ಎಂದರು ದೊಡ್ಡಪ್ಪ, ಪ್ರೀತಿಯಿಂದಲೇ.

ಇಪ್ಪತ್ತು ವರ್ಷ ಅವರ ಮನೆ ಕಂದಾಯ ಕಟ್ಟಿದ್ದು ನಾಗೇಶ. ಪಿಂಚಣಿ ಕಚೇರಿಯಲ್ಲಿ ಕ್ಯೂ ನಿಂತಿದ್ದು, ಕಣ್ಣಿನ ಆಪರೇಷನ್ನಿಗೆ ಕರೆದೊಯ್ದದ್ದು ನಾಗೇಶ. ಮೈಯೆಲ್ಲ ಉರಿಯಿತು, ಮುಖದಲ್ಲಿ ತೋರಿಸಲಿಲ್ಲ. "ರಿಜಿಸ್ಟರ್ ಮಾಡಿಸ್ಬೇಕೇನೋ?" ಎಂದು ದೊಡ್ಡಪ್ಪ ಕೇಳಿದಾಗ, "ಉಯಿಲಿಗೆ ಕಡ್ಡಾಯ ಏನಿಲ್ಲ ದೊಡ್ಡಪ್ಪ" ಎಂದ. ಅದು ನಿಜವೂ ಆಗಿತ್ತು. ಸಾಕ್ಷಿ ಹಾಕಿದವರು ಕಚೇರಿಯ ಎದುರು ಸದಾ ನಿಂತಿರುವ ಇಬ್ಬರು. ಟೀ ಕುಡಿಸಿದರೆ ಯಾವ ಕಾಗದಕ್ಕಾದರೂ ಸಾಕ್ಷಿ, ಸಂಜೆ ಹೊತ್ತಿಗೆ ಯಾವ ಕಾಗದವೂ ನೆನಪಿಲ್ಲ.

ಕೊಲ್ಲುವ ಯೋಚನೆ ಅವನಿಗೆ ಬರಲಿಲ್ಲ. ಛೇ, ದೊಡ್ಡಪ್ಪ! ಅವರ ಹೃದಯದ ವಾಲ್ವಿನ ವಿಷಯ ಡಾಕ್ಟರು ಹೇಳಿದ್ದು ಇವನ ಎದುರಿಗೇ. ಆ ಕೆಲಸ ತಾನಾಗಿ ಆಗುವಂಥದು. ಇವನ ಪಾಲಿಗಿದ್ದದ್ದು ಕಾಗದದ ಕೆಲಸ ಮಾತ್ರ, ಅದರಲ್ಲಿ ಇವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ.

ಆ ಉಯಿಲನ್ನು ಸುಟ್ಟರೆ ಸಾಲದು. ಉಯಿಲೇ ಇಲ್ಲದಿದ್ದರೂ ಕಾನೂನಿನ ಪ್ರಕಾರ ಮನೆ ವಿಧವೆ ಸೊಸೆಗೇ ಹೋಗುತ್ತದೆ. ಹಾಗಾಗಿ ಇನ್ನೊಂದು ಬೇಕು. 2018ರಲ್ಲಿ ಖಾತೆ ಅರ್ಜಿಗೆಂದು ದೊಡ್ಡಪ್ಪ ಕೆಳಗೆ ಸಹಿ ಮಾಡಿಕೊಟ್ಟ ಒಂದು ಖಾಲಿ ಹಾಳೆ, ಬಳಕೆಯಾಗದೆ ನಾಗೇಶನ ಬಳಿ ಉಳಿದಿತ್ತು. ಅಪ್ಪಟ ಸಹಿ, ಏಳು ವರ್ಷದ ಶಾಯಿ. ಅಂದಮೇಲೆ ಉಯಿಲೂ 2018ರದ್ದೇ ಆಗಬೇಕು. ಸಾಕ್ಷಿಗಳು, ಆಗ ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಮೂರ್ತಪ್ಪ ಮತ್ತು ಹಿರಿಯಣ್ಣ. ಇಬ್ಬರೂ ಕೊರೊನಾದಲ್ಲಿ ತೀರಿಕೊಂಡವರು, ಯಾವ ಕೋರ್ಟೂ ಕರೆಸುವಂತಿಲ್ಲ. ಅವರ ಸಹಿಯನ್ನು ನಾಗೇಶ ಕಣ್ಣು ಮುಚ್ಚಿ ಹಾಕಬಲ್ಲ. ಅಕ್ಷರಗಳ ಅಚ್ಚು ಕೂಡ ಈಗಿನದು ಬೇಡವೆಂದು ಅಟ್ಟದಿಂದ ಹಳೇ ಕಂಪ್ಯೂಟರು ಇಳಿಸಿದ.

ಬರೆಯುವುದರಲ್ಲಿ ಅವಸರ ಮಾಡಲಿಲ್ಲ. ಮನೆ ನಾಗೇಶನಿಗೆ, 'ನನ್ನ ಸಕಲ ಕಾರ್ಯಗಳನ್ನು ನಿಷ್ಠೆಯಿಂದ ನಿರ್ವಹಿಸಿದ ಕಾರಣ'. ಸ್ಕೂಟರು ಪುಷ್ಪಾಗೆ. ಆ ಸಾಲು ಬರೆಯುವಾಗ ನ್ಯಾಯ ಒದಗಿಸಿದ ತೃಪ್ತಿಯಾಯಿತು. ಕೊನೆಗೆ ಚಕ್ಕುಬಂದಿ, ಅಂದರೆ ಮನೆಯ ನಾಲ್ಕು ದಿಕ್ಕಿಗೆ ಯಾರ ಸ್ವತ್ತಿದೆ ಎಂಬ ವಿವರ. ಬೇರೆ ಬರಹಗಾರರು ಹಳೇ ಪತ್ರ ನೋಡಿ ನಕಲು ಹೊಡೆಯುತ್ತಾರೆ, ಸೋಮಾರಿಗಳು. ನಾಗೇಶ ಎಂದಿನಂತೆ ಖುದ್ದಾಗಿ ಸ್ಥಳಕ್ಕೇ ಹೋದ. ಪುಷ್ಪಾ ಕೊಟ್ಟ ಕಾಫಿ ಕುಡಿಯುತ್ತ ಅಂಗಳದಲ್ಲಿ ನಿಂತು, ನಾಲ್ಕೂ ಕಡೆ ನೋಡಿ ಗುರುತು ಹಾಕಿಕೊಂಡ.

ಆಗಸ್ಟಿನಲ್ಲಿ ದೊಡ್ಡಪ್ಪ ಉಪ್ಪಿಟ್ಟು ತಿಂದು, ಕೈ ತೊಳೆದು, ಕುರ್ಚಿಯಲ್ಲಿ ಕೂತಲ್ಲೇ ಹೋದರು. ಸುದ್ದಿ ತಿಳಿದ ಕೂಡಲೇ ನಾಗೇಶ ಬಸ್ಸು ಹತ್ತಿ ಬಂದ, ನಿಜವಾಗಿಯೂ ಅತ್ತ. ಹೆಂಗಸರೆಲ್ಲ ಪುಷ್ಪಾಳನ್ನು ಸಮಾಧಾನ ಮಾಡುತ್ತಿದ್ದಾಗ ಬೀರುವಿನ ಫೈಲಿನಲ್ಲಿ ಉಯಿಲು ಬದಲಾಯಿತು. ನಿಜವಾದದ್ದು ಮಾರನೆಯ ದಿನ ಅವನ ಬಚ್ಚಲ ಒಲೆಯಲ್ಲಿ ಸ್ನಾನದ ನೀರು ಕಾಯಿಸಿತು.

ಹನ್ನೊಂದನೆಯ ದಿನದ ಊಟವಾದ ಮೇಲೆ ಪುಷ್ಪಾ ಫೈಲು ತಂದಿಟ್ಟಳು. "ಎಲ್ಲಾ ಇದರಲ್ಲೇ ಇದೆ ಅಂತಿದ್ರು ಮಾವ. ನೀವೇ ಓದಿ ಭಾವ."

"ನಾನ್ ಓದಿದ್ರೆ ಚೆನ್ನಾಗಿರಲ್ಲ ಪುಷ್ಪಾ. ಹೊರಗಿನೋರು ಯಾರಾದ್ರೂ ಓದ್ಲಿ" ಎಂದು ನಾಗೇಶ ಅದನ್ನು ಪಕ್ಕದ ಮನೆಯ ದೀಪಶ್ರೀಯ ಕೈಗಿತ್ತ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಪುಷ್ಪಾಗೆ ಬೇಕಾದವಳು. ಅವಳೇ ಓದಿದರೆ ನಾಳೆ ಯಾರೂ ಬೆರಳು ತೋರಿಸುವಂತಿಲ್ಲ ಎಂಬುದು ಅವನ ಲೆಕ್ಕ. ದೀಪಶ್ರೀ ತಾರೀಖಿನಿಂದ ಶುರುಮಾಡಿ ಸ್ಪಷ್ಟವಾಗಿ ಓದಿದಳು. ಮನೆ ನಾಗೇಶನಿಗೆ ಎಂಬಲ್ಲಿಗೆ ಬಂದಾಗ ಪುಷ್ಪಾಳ ಕಣ್ಣು ತುಂಬಿತು. ಜಗಳ ಮಾಡಲಿಲ್ಲ, ಮುಂದಿನ ಕೋಣೆಯ ಮಿಷನ್ ಕಡೆ ನೋಡಿದಳು.

"ಹಾಗಾದ್ರೆ ನಾನು ಯಾವಾಗ ಖಾಲಿ ಮಾಡ್ಬೇಕು ಭಾವ?"

"ಅರ್ಜೆಂಟೇನಿಲ್ಲ. ದೀಪಾವಳಿ ಕಳೀಲಿ" ಎಂದ ನಾಗೇಶ, ದೊಡ್ಡ ಮನಸ್ಸು ಮಾಡಿ.

ದೀಪಶ್ರೀ ಕೊನೆಯ ಭಾಗವನ್ನೂ ಬಿಡದೆ ಓದುತ್ತಿದ್ದಳು. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಲಿ ನಿವೇಶನ, ಉತ್ತರಕ್ಕೆ ಶ್ರೀಮತಿ ದೀಪಶ್ರೀ ಗಣೇಶ್ ಇವರ ಮನೆ..." ತನ್ನದೇ ಹೆಸರು ಕಂಡು ಅವಳಿಗೆ ಮೊದಲು ನಗು ಬಂತು. ಆಮೇಲೆ ಹಾಳೆಯ ಮೇಲ್ಭಾಗಕ್ಕೆ ಹೋಗಿ ತಾರೀಖು ನೋಡಿದಳು, ಮತ್ತೆ ಕೆಳಗೆ ಬಂದಳು. "ಅಲ್ಲಾ ನಾಗೇಶಣ್ಣ, ಇದು ಹದಿನೆಂಟನೇ ಇಸವೀದು ಅಂತಿದೆ. ಆಗ ನಾವು ಹೊಳೆಹೊನ್ನೂರಲ್ಲಿದ್ವಲ್ಲ, ಈ ಮನೆ ತಗೊಂಡಿದ್ದೇ ಇಪ್ಪತ್ಮೂರರಲ್ಲಿ. ನಮ್ಮ ಕ್ರಯಪತ್ರ ಬರ್ಕೊಟ್ಟಿದ್ದೂ ನೀವೇ ಅಲ್ವಾ?"