ನೀರಿನ ಸಮೇತ ಹೋದ ಅಚ್ಚುಗಳು

ಮುಂಜಾನೆ ಸುರೈಯಾ ಹಿತ್ತಲ ಬಾಗಿಲು ತೆಗೆದಾಗ ಬೋಗುಣಿ ಇರಲಿಲ್ಲ. ಪಾಕ ಅಂಟದಿರಲೆಂದು ಅದರಲ್ಲಿ ನೆನೆಹಾಕಿದ್ದ ತೇಗದ ಅಚ್ಚುಗಳೂ ಇರಲಿಲ್ಲ. ನಾಳೆಯೇ ಗೌರಿ ಹುಣ್ಣಿಮೆ.

ಹುಣ್ಣಿಮೆಗೆ ಹುಡುಗಿಯರು ಬೆಳಗುವ ಆರತಿಯಲ್ಲಿಡುವ ಸಕ್ಕರೆ ಗೊಂಬೆಗಳಿಗಾಗಿ ಒಂದು ಕಾಲಕ್ಕೆ ಇಡೀ ಗಾಂಧಿ ಚೌಕ ಈ ಮನೆಗೇ ಬರುತ್ತಿತ್ತು. ಮಾವ ಜಿಲಾನಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೇ ಎಲ್ಲ ನಿಂತುಹೋಗಿತ್ತು. ಸೊಸೆ ಸುರೈಯಾ ಈ ವರ್ಷ ಮತ್ತೆ ಶುರುಮಾಡಲು ಹೊರಟು, ಅಂಗಡಿಗಳಿಗೆ ಮಾತು ಕೊಟ್ಟಿದ್ದಳು. ಈ ಸಲ ತಪ್ಪಿದರೆ ಇನ್ನು ಯಾರೂ ಅವಳನ್ನು ನಂಬುವುದಿಲ್ಲ.

ಸುರೈಯಾ ದೂರು ಕೊಟ್ಟ ಮೇಲೆ ಪಿಎಸ್‌ಐ ವಿಜಯಲಕ್ಷ್ಮೀ ಬಂದಳು. ಕಳವಿನ ಮಾತಿಗಿಂತ ಮೊದಲು ಅವಳಿಗೆ ಬಾಲ್ಯ ನೆನಪಾಯಿತು.

"ಸಣ್ಣಾಕಿದ್ದಾಗ ಇಲ್ಲಿ ಆನಿ ಗೊಂಬಿ ತಿಂದೇನ್ರಿ. ಆ ರುಚಿ ಈಗಿನವರ ಕೈಗೆ ಎಲ್ಲಿ ಬರಬೇಕು!"

ಅತ್ತೆ ರಹಿಮಾಬಿ ಕಟ್ಟೆಯ ಮೇಲೆ ಕೂತು ಅದನ್ನು ಕೇಳಿಸಿಕೊಂಡಳು.

* * *

ಗೋಳಗುಮ್ಮಟದ ಹತ್ತಿರ ಹಳೆ ಸಾಮಾನು ಮಾರುವ ಸಂಗನಬಸವ ಮೊನ್ನೆಯಷ್ಟೇ ಅಚ್ಚು ಕೇಳಿಕೊಂಡು ಬಂದಿದ್ದ. ವಿಜಯಲಕ್ಷ್ಮೀ ಮೊದಲು ಅವನನ್ನೇ ವಿಚಾರಿಸಿದಳು.

"ಕೇಳಿದ್ದು ಖರೇ ಐತ್ರಿ. ಆದ್ರ ನೆನಸಿದ ಕಟಗಿ ನನಗ್ಯಾಕ? ಬಿಸಲಿಗೆ ಸೀಳಿ ಹೋಗತಾವ."

ತಿಕೋಟಾದಲ್ಲಿ ಸಕ್ಕರೆ ಗೊಂಬೆ ಮಾಡುವ ಅಶ್ಫಾಕ ನಕ್ಕೇಬಿಟ್ಟ. "ನನ್ನಲ್ಲಿ ಅಲ್ಯೂಮಿನಿಯಂ ಅಚ್ಚು ಅದಾವ್ರಿ. ಆ ಹಳೇ ತ್ರಾಸ ಯಾರಿಗೆ ಬೇಕಾಗೈತಿ?"

ಮಧ್ಯಾಹ್ನ ಜಾರಿತು. ಊಟವಿಲ್ಲ, ಸುಳಿವಿಲ್ಲ, ಮೈತುಂಬ ಧೂಳು. ಬೆಟ್ಟ ಅಗೆದರೂ ಇಲಿ ಕೂಡ ಸಿಗಲಿಲ್ಲ. ವಿಜಯಲಕ್ಷ್ಮೀ ಜೀಪಿನ ಡ್ರೈವರನ ಮೇಲೆ ಸುಮ್ಮಸುಮ್ಮನೆ ರೇಗಿದಳು.

* * *

ಹಿತ್ತಲಿಗೆ ಮರಳಿ ಬಂದು ನೆಲ ನೋಡಿದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಒಣ ಮಣ್ಣು. ಎಲ್ಲಿಯೂ ನೀರು ಚೆಲ್ಲಿ ಒಣಗಿದ ಕಲೆಯೂ ಇಲ್ಲ.

"ಕಳ್ಳ ಆಗಿದ್ರ ನೀರು ಚೆಲ್ಲಿ ಅಚ್ಚು ಚೀಲಕ್ಕ ತುಂಬತಿದ್ದ," ಎಂದಳು. "ಇಲ್ಲಿ ನೀರಿನ ಸಮೇತ ಬೋಗುಣಿ ಹೋಗೈತಿ. ತುಂಬಿದ ಬೋಗುಣಿ ಹೊತ್ತು ಓಣಿ ದಾಟಿದ್ರ ನಾಕು ಮಂದಿ ನೋಡತಿದ್ರು. ಅಂದ್ರ ಅದು ಮನ್ಯಾಗ ಐತಿ. ಒಣಗಿದ್ರ ಅಚ್ಚು ಸೀಳತಾವಂತ ಗೊತ್ತಿದ್ದವರು, ಸೀಳಬಾರದು ಅನ್ನವರು ಇಟ್ಟಾರ. ಹೌದಲ್ರಿ ರಹಿಮಾಬಿ?"

ಮನೆಯೊಳಗೆ ಹುಡುಕಬೇಕೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಮುದುಕಿ ಎದ್ದು ತನ್ನ ಮಂಚದ ಕೆಳಗಿನ ಚಾದರ ಸರಿಸಿದಳು. ಬೋಗುಣಿ ಅಲ್ಲೇ ಇತ್ತು.

"ನಾನ ಇಟ್ಟೇನ್ರಿ. ನಮ್ಮವರು ಹಾಸಗಿ ಹಿಡದಾಗ ಒಂದ್ ಸಲ ನಾ ಗೊಂಬಿ ಮಾಡಿದ್ದೆ. ಆ ರುಚಿ ಇಲ್ಲಂತ ಮಂದಿ ಅವರ ಮುಂದನ ಅಂದ್ರು. ಅವತ್ತ ಒಲಿ ಆರಿಸಿದೆ. ಇಕಿಗೂ ಹಂಗ ಅಂತಾರ. ಮುಂಜಾನಿ ನೀವೂ ಅಂದ್ರಿ."

"ತಪ್ಪಾತ್ರಿ," ಎಂದಳು ವಿಜಯಲಕ್ಷ್ಮೀ.

ಸುರೈಯಾ ಬೋಗುಣಿ ಹೊರಗೆಳೆದಳು. ಸಿಟ್ಟಿಗೆ ಕಣ್ಣು ತುಂಬಿತ್ತು. "ಅನ್ನವರು ಅನ್ನಲಿ ಅಮ್ಮಾ! ನಾಳಿ ಆರತಿ ಹಿಡಕೊಂಡು ಬರೂ ಹುಡುಗ್ಯಾರು ಒಬ್ಬರೂ ಮಾವಾರ ಗೊಂಬಿ ತಿಂದಿಲ್ಲ, ಆ ರುಚಿ ಅವರಿಗೆ ಗೊತ್ತ ಇಲ್ಲ. ನಾ ಅವರ ಸಲುವಾಗಿ ಮಾಡಾಕತ್ತೇನಿ."

ಒಲೆ ಹೊತ್ತಿತು. ಸುರೈಯಾ ಅಚ್ಚಿನ ಎರಡು ಹೋಳು ಜೋಡಿಸಿ ದಾರ ಸುತ್ತತೊಡಗಿದಳು. ರಹಿಮಾಬಿ ಆ ಸುತ್ತು ನೋಡಿದಳು. ಆಮೇಲೆ ತಡೆಯಲಾಗದೆ ಪಕ್ಕಕ್ಕೆ ಬಂದು ಕೂತಳು.

"ಹಂಗ ಕಟ್ಟಿದ್ರ ಪಾಕ ಸೋರತೈತಿ. ತಾ ಇಲ್ಲಿ."